ಲಕ್ಷುರಿ ಸ್ಪೋರ್ಟ್ಸ್ ಸೆಡಾನ್‌ಗೆ ಯಾವ ಎಂಜಿನ್ ಆರಿಸಬೇಕು?

ಬಿಎಂಡಬ್ಲ್ಯು ಎಂ3 ತೆಗೆದುಕೊಳ್ಳಲಾ, ಮರ್ಸಿಡಿಸ್ ಸಿ63 ತೆಗೆದುಕೊಳ್ಳಲಾ, ಆಲ್ಫಾ ರೋಮಿಯೊ ಜೂಲಿಯಾ ತೆಗೆದುಕೊಳ್ಳಲಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ದಿನಾ ಗಾಡಿ ಓಡಿಸುವಾಗ ನಿಮ್ಮ ಆರ್‌ಪಿಎಂ ಮುಳ್ಳು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳು, ಎಲ್ಲಿರುತ್ತದೆ? ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗರಿಷ್ಠ ಪವರ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅನ್ನುವುದೆಲ್ಲ ಬಾಯಿಪಾಠ ಆಗಿರುತ್ತದೆ. ತಮ್ಮ ಬಲಗಾಲು ದಿನವಿಡೀ ಏನು ಮಾಡುತ್ತಿದೆ ಅನ್ನುವುದು ಮಾತ್ರ ಗಮನಕ್ಕೆ ಬಂದಿರುವುದಿಲ್ಲ.

ಎಂಜಿನ್ ಆರಿಸುವ ಕೆಲಸ ಶುರುವಾಗುವುದು ಅಲ್ಲಿಂದ. ಈಗಿರುವ ಗಾಡಿಯಲ್ಲೇ ಒಂದು ವಾರ ನೋಡಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರಿಗೇ ಬರೆದುಕೊಳ್ಳಲು ಹೇಳಿ. ಊರೊಳಗೆ ಎಷ್ಟು, ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಷ್ಟು, ಓವರ್‌ಟೇಕ್ ಮಾಡುವಾಗ ಎಲ್ಲಿಗೆ ಏರುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಬಹುಪಾಲು ಹೊತ್ತು ಮುಳ್ಳು 1,500ರಿಂದ 3,000ದ ನಡುವೆ ಓಡಾಡುತ್ತಿರುತ್ತದೆ. 6,000 ದಾಟುವುದು ಅಪರೂಪ. ನಿಮಗೆ ಬೇಕಾಗಿರುವುದು ನೀವು ಇರುವ ಜಾಗದಲ್ಲಿ ಚೆನ್ನಾಗಿ ಎಳೆಯುವ ಎಂಜಿನ್. ಆಗಾಗ ಟ್ರ್ಯಾಕ್‌ಗೆ ಹೋಗುವವರ ಲೆಕ್ಕ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಡಿಕ್ಕಿ ಮೇಲಿನ ಅಂಕಿ ನಂಬಬೇಡಿ

ಹಿಂದೆ ಡಿಕ್ಕಿ ಮೇಲಿನ ಅಂಕಿ ನೋಡಿದರೆ ಎಂಜಿನ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತಿತ್ತು. ಈಗ ಆ ಕಾಲ ಹೋಗಿದೆ. ಬಿಎಂಡಬ್ಲ್ಯು 330ಐ ಒಳಗಿರುವುದು 2.0 ಲೀಟರ್, 4 ಸಿಲಿಂಡರ್ ಟರ್ಬೊ (ಟರ್ಬೊ ಅಂದರೆ ಎಕ್ಸಾಸ್ಟ್ ಗಾಳಿಯ ಬಲದಿಂದ ತಿರುಗಿ ಎಂಜಿನ್ ಒಳಗೆ ಜಾಸ್ತಿ ಗಾಳಿ ತಳ್ಳುವ ಸಾಧನ). ಎಂ340ಐ ಒಳಗಿರುವುದು 3.0 ಲೀಟರ್, ಸಾಲಾಗಿ 6 ಸಿಲಿಂಡರ್. ಮರ್ಸಿಡಿಸ್ ಕಥೆ ಇನ್ನೂ ದೊಡ್ಡದು. 63 ಅನ್ನುವ ಅಂಕಿ 1968ರ 300 ಎಸ್‌ಇಎಲ್ 6.3ರ ನೆನಪಿಗೆ ಇಟ್ಟದ್ದು. ಮೊದಲ ಸಿ63 ಎಎಂಜಿಯ (ಎಎಂಜಿ ಅಂದರೆ ಮರ್ಸಿಡಿಸ್‌ನ ಸ್ಪೋರ್ಟ್ಸ್ ವಿಭಾಗ) ವಿ8, ಅಂದರೆ ವಿ ಆಕಾರದಲ್ಲಿ 8 ಸಿಲಿಂಡರ್ ಇರುವ ಎಂಜಿನ್, ನಿಜಕ್ಕೂ ಇದ್ದದ್ದು 6,208 ಸಿಸಿ, ಅಂದರೆ 6.2 ಲೀಟರ್. ಅದರ ನಂತರದ ತಲೆಮಾರಿನಲ್ಲಿ 4.0 ಲೀಟರ್ ಟ್ವಿನ್ ಟರ್ಬೊ ವಿ8 ಬಂತು. 2022ರಲ್ಲಿ ಬಂದ ಸಿ63 ಎಸ್ ಇ ಪರ್ಫಾರ್ಮೆನ್ಸ್‌ನಲ್ಲಿ 2.0 ಲೀಟರ್‌ನ 4 ಸಿಲಿಂಡರ್, ಜೊತೆಗೆ ಹಿಂದಿನ ಆಕ್ಸಲ್‌ನಲ್ಲಿ ಎಲೆಕ್ಟ್ರಿಕ್ ಮೋಟರ್. ಹೆಸರು ಒಂದೇ, ಮೂರು ತಲೆಮಾರಿಗೆ ಮೂರು ಬೇರೆ ಬೇರೆ ಗಾಡಿ.

ಸಿ43 ಕೂಡ ಹಾಗೇ. ಮೊದಲು 4.3 ಲೀಟರ್ ವಿ8, ಆಮೇಲೆ 3.0 ಲೀಟರ್ ವಿ6, ಈಗ 2.0 ಲೀಟರ್ 4 ಸಿಲಿಂಡರ್. ಹಾಗಾಗಿ ಯಾರಾದರೂ 'ಸಿ63 ಹಿಂಗೆ, ಎಂ3 ಹಂಗೆ' ಅಂದರೆ ಯಾವ ವರ್ಷದ್ದು ಅಂತ ಮೊದಲು ಕೇಳಿ. ಎಂಜಿನ್ ಕೋಡ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಬಿ48, ಬಿ58, ಎಸ್58, ಎಂ177 ಇಂಥ ನಾಲ್ಕೈದು ಕೋಡ್ ಕಲಿತರೆ ಅರ್ಧ ಗೊಂದಲ ಹೋಗುತ್ತದೆ.

ಪವರ್ ಹೋಲಿಸುವಾಗ ಇನ್ನೊಂದು ಚಿಕ್ಕ ಎಚ್ಚರ. ಕೆಲವು ಕಡೆ ಪಿಎಸ್ ಬರೆಯುತ್ತಾರೆ, ಕೆಲವು ಕಡೆ ಎಚ್‌ಪಿ. ಎರಡೂ ಪವರ್ ಅಳತೆಯೇ, ಆದರೆ ಒಂದೇ ಅಲ್ಲ. ಎಂ3 ಕಾಂಪಿಟಿಷನ್ 510 ಪಿಎಸ್ ಅಂತಲೂ ಇರುತ್ತದೆ, 503 ಎಚ್‌ಪಿ ಅಂತಲೂ ಇರುತ್ತದೆ. ಎರಡೂ ಒಂದೇ ಎಂಜಿನ್. ನಾನು ಇಲ್ಲಿ ಯುರೋಪಿನ ಗಾಡಿಗಳಿಗೆ ಪಿಎಸ್, ಅಮೆರಿಕದಲ್ಲಿ ಮಾರುವ ಗಾಡಿಗಳಿಗೆ ಎಚ್‌ಪಿ ಹಾಕಿದ್ದೇನೆ.

ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ

ಇದೊಂದು ಲೆಕ್ಕ ಅರ್ಥವಾದರೆ ಉಳಿದದ್ದು ಸಲೀಸು. ಟಾರ್ಕ್ ಅಂದರೆ ಎಂಜಿನ್ ತಿರುಗಿಸುವ ಬಲ, ನ್ಯೂಟನ್ ಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಅದನ್ನು 1.36ರಿಂದ ಗುಣಿಸಿದರೆ ಪಿಎಸ್. ಅಷ್ಟೇ.

ಎರಡು ಎಂ3 ತೆಗೆದುಕೊಳ್ಳಿ. ಇ90 ತಲೆಮಾರಿನದು 4.0 ಲೀಟರ್ ವಿ8, ಟರ್ಬೊ ಇಲ್ಲ. 420 ಪಿಎಸ್, ಅದೂ 8,300 ಆರ್‌ಪಿಎಂನಲ್ಲಿ. ಟಾರ್ಕ್ 400 ನ್ಯೂಟನ್ ಮೀಟರ್. ಅದರ ನಂತರ 2014ರಲ್ಲಿ ಬಂದ ಎಫ್80 ಎಂ3ರಲ್ಲಿ 3.0 ಲೀಟರ್ ಟ್ವಿನ್ ಟರ್ಬೊ 6 ಸಿಲಿಂಡರ್. 431 ಪಿಎಸ್, ಟಾರ್ಕ್ 550, ಅದೂ 1,850 ಆರ್‌ಪಿಎಂನಿಂದಲೇ. ಕಾಗದದ ಮೇಲೆ ಪವರ್‌ನಲ್ಲಿ ಬರೀ 11ರ ವ್ಯತ್ಯಾಸ. ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ?

ಈಗ 2,500 ಆರ್‌ಪಿಎಂಗೆ ಬನ್ನಿ, ನಿಮ್ಮ ಮುಳ್ಳು ಇರುವ ಜಾಗಕ್ಕೆ. ಟರ್ಬೊ ಎಂಜಿನ್ 550 ಗುಣಿಸು 2,500 ಭಾಗಿಸು 9,549, ಅಂದರೆ 144 ಕಿಲೋವ್ಯಾಟ್, ಸುಮಾರು 196 ಪಿಎಸ್. ವಿ8ಗೆ ಅಲ್ಲಿ ಪೂರ್ತಿ 400 ಇನ್ನೂ ಸಿಗುವುದಿಲ್ಲ, ಸಿಗುತ್ತದೆ ಅಂತಲೇ ಇಟ್ಟುಕೊಂಡರೂ ಬರುವುದು ಸುಮಾರು 142 ಪಿಎಸ್. 50ಕ್ಕೂ ಜಾಸ್ತಿ ವ್ಯತ್ಯಾಸ! ಆ ವಿ8ನ ಮಜಾ ಸಿಗಬೇಕಾದರೆ ಗೇರ್ ಇಳಿಸಬೇಕು, ಮುಳ್ಳನ್ನು 8,000ದ ಕಡೆ ಕಳಿಸಬೇಕು. ಹಾಗೆ ಕಳಿಸಿದಾಗ ಅದು ಕೊಡುವ ಖುಷಿ ಯಾವ ಟರ್ಬೊ ಎಂಜಿನ್ನೂ ಕೊಡುವುದಿಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಆದರೆ ದಿನಕ್ಕೆ ಎಷ್ಟು ಸಲ ಹಾಗೆ ಕಳಿಸುತ್ತೀರಿ ಅನ್ನುವುದೇ ಪ್ರಶ್ನೆ.

ಇಲ್ಲಿ ಎರಡು ಮಾತು ಸೇರಿಸಬೇಕು. ಒಂದು, ಮೇಲಕ್ಕೆ ತಿರುಗುವ ಎಂಜಿನ್‌ಗೆ ಚಿಕ್ಕ ಗೇರಿಂಗ್ ಕೊಡಬಹುದು. ಅದೇ ವೇಗದಲ್ಲಿ ಅದು ಜಾಸ್ತಿ ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ, ಹಾಗಾಗಿ ರಸ್ತೆ ಮೇಲೆ ವ್ಯತ್ಯಾಸ ಈ ಲೆಕ್ಕದಲ್ಲಿ ಕಂಡಷ್ಟು ಇರುವುದಿಲ್ಲ. ಇನ್ನೊಂದು, ಟರ್ಬೊ ಎಂಜಿನ್‌ನ ಟಾರ್ಕ್ ಗ್ರಾಫ್ ಬರೆಯುವುದು ಟರ್ಬೊ ಪೂರ್ತಿ ತಿರುಗಿದ ಮೇಲೆ. 1,850 ಆರ್‌ಪಿಎಂಗೆ 550 ಅಂತ ಬರೆದಿದ್ದರೆ, ಕಾಲು ಒತ್ತಿದ ತಕ್ಷಣ 550 ಸಿಗುತ್ತದೆ ಅಂತ ಅರ್ಥ ಅಲ್ಲ. ಎಕ್ಸಾಸ್ಟ್ ಗಾಳಿ ಬರಬೇಕು, ಟರ್ಬೈನ್ ತಿರುಗಬೇಕು, ಒತ್ತಡ ಏರಬೇಕು. ಆ ಕಾಯುವ ಹೊತ್ತು ಯಾವ ಕಾಗದದಲ್ಲೂ ಇರುವುದಿಲ್ಲ. ಅದನ್ನು ನೀವೇ ಓಡಿಸಿ ಅಳೆಯಬೇಕು.

ನಾನು ಅಳೆದದ್ದು ಹೀಗೆ. ಒಂದೇ ಕಂಪನಿಯ, ಒಂದೇ ಆಕಾರದ ಎರಡು ಗಾಡಿ ಒಂದೇ ದಿನ ಸಿಕ್ಕಿದ್ದವು, ಒಂದು 2.0 ಲೀಟರ್‌ನದು, ಇನ್ನೊಂದು 3.0 ಲೀಟರ್ 6 ಸಿಲಿಂಡರ್‌ನದು. ಪಕ್ಕದಲ್ಲಿ ತಮ್ಮ ಕೂತಿದ್ದ. ಖಾಲಿ ರಸ್ತೆ. ಗೇರ್ ಮೂರರಲ್ಲಿ ಲಾಕ್ ಮಾಡಿ 2,000 ಆರ್‌ಪಿಎಂನಲ್ಲಿ ಸುಮ್ನೆ ಹೋಗುತ್ತಿದ್ದೆ. ಅವನು 'ಹೂಂ, ಒತ್ತು ಅಣ್ಣಾ' ಅಂದ ಕೂಡಲೇ ಪೂರ್ತಿ ಒತ್ತಿದೆ. ಚಿಕ್ಕ ಎಂಜಿನ್‌ನಲ್ಲಿ ಮೊದಲು ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ, ಆಮೇಲೆ ಬೆನ್ನಿಗೆ ಸೀಟು ಒತ್ತಿತು. ದೊಡ್ಡದರಲ್ಲಿ ಕಾಲು ಒತ್ತುತ್ತಿದ್ದ ಹಾಗೆಯೇ ಗಾಡಿ ಹೊರಟಿತ್ತು, ಟರ್ಬೊ ತುಂಬಿದ ಮೇಲೆ ಎಳೆತ ಇನ್ನಷ್ಟು ಜಾಸ್ತಿಯಾಯಿತು. ಕಾರಣ ಸರಳ. ಟರ್ಬೊ ಏಳುವವರೆಗೆ ಕೆಲಸ ಮಾಡುವುದು ಬರೀ ಎಂಜಿನ್. 3.0 ಲೀಟರ್ ಎಂಜಿನ್ ಆ ಹೊತ್ತಿನಲ್ಲೂ 2.0 ಲೀಟರ್‌ನ ಒಂದೂವರೆ ಪಟ್ಟು ಗಾಳಿ ಎಳೆದುಕೊಳ್ಳುತ್ತದೆ.

ನಾಲ್ಕು, ಆರು, ಎಂಟು

4 ಸಿಲಿಂಡರ್ 2.0 ಟರ್ಬೊ ಈಗ ಎಲ್ಲ ಕಂಪನಿಗಳ ಬೇಸ್ ಎಂಜಿನ್. ಇದನ್ನು ಕೀಳಾಗಿ ಕಾಣಬೇಡಿ. ಜಿ20 ತಲೆಮಾರಿನ ಬಿಎಂಡಬ್ಲ್ಯು 330ಐ ಬಂದಾಗ 258 ಪಿಎಸ್, 400 ನ್ಯೂಟನ್ ಮೀಟರ್ ಇತ್ತು, ನೂರಕ್ಕೆ 5.8 ಸೆಕೆಂಡ್. ಆಲ್ಫಾ ಜೂಲಿಯಾದ 2.0 ಎಂಜಿನ್ 280 ಪಿಎಸ್‌ವರೆಗೆ ಕೊಡುತ್ತದೆ, ಟಾರ್ಕ್ ಅದಕ್ಕೂ 400. ಇವುಗಳ ದೊಡ್ಡ ಲಾಭ ಮೂತಿ ಹಗುರ ಇರುವುದು. ಸ್ಟಿಯರಿಂಗ್ ತಿರುಗಿಸಿದಾಗ ಗಾಡಿ ಚುರುಕಾಗಿ ತಿರುಗುತ್ತದೆ. ತಿರುವು ಜಾಸ್ತಿ ಇರುವ ರಸ್ತೆಯಲ್ಲಿ ಓಡಿಸುವವರಿಗೆ ಇದೇ ಸಾಕು ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಕೊರತೆ ಇರುವುದು ಶಬ್ದದಲ್ಲಿ ಮತ್ತು ನಡುಕದಲ್ಲಿ. 4 ಸಿಲಿಂಡರ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಆದರೆ ಪಿಸ್ಟನ್ ಮೇಲಿನ ಅರ್ಧದಲ್ಲಿ ಓಡುವ ವೇಗವೂ ಕೆಳಗಿನ ಅರ್ಧದ ವೇಗವೂ ಒಂದೇ ಅಲ್ಲ. ಆ ವ್ಯತ್ಯಾಸದಿಂದ ಒಂದು ಸುತ್ತಿಗೆ ಎರಡು ಸಲ ನಡುಕ ಉಳಿಯುತ್ತದೆ. ಅದನ್ನು ತಡೆಯಲು ಎರಡು ಪಟ್ಟು ವೇಗದಲ್ಲಿ ತಿರುಗುವ ಬ್ಯಾಲೆನ್ಸ್ ಶಾಫ್ಟ್ ಹಾಕುತ್ತಾರೆ. ತುಂಬ ಮಟ್ಟಿಗೆ ಕಡಿಮೆಯಾಗುತ್ತದೆ, ಆದರೂ ಮೇಲೆ ಹೋದಾಗ ದನಿ ಒರಟಾಗುತ್ತದೆ.

ಸಾಲಾಗಿ 6 ಸಿಲಿಂಡರ್ ಇರುವ ಎಂಜಿನ್ ನನ್ನ ಮನಸ್ಸಿಗೆ ತುಂಬ ಹತ್ತಿರ. ಇಲ್ಲಿ 1 ಮತ್ತು 6, 2 ಮತ್ತು 5, 3 ಮತ್ತು 4 ಜೋಡಿಯಾಗಿ ಓಡುತ್ತವೆ, ಒಂದು ಜೋಡಿ ಹುಟ್ಟಿಸುವ ಅಲುಗಾಟವನ್ನು ಉಳಿದ ಎರಡು ಜೋಡಿ ಸರಿಯಾಗಿ ಅಳಿಸಿಹಾಕುತ್ತವೆ. ಬ್ಯಾಲೆನ್ಸ್ ಶಾಫ್ಟ್ ಬೇಕಾಗಿಯೇ ಇಲ್ಲ. ಬಾನೆಟ್ ತೆಗೆದು, ಪ್ಲಾಸ್ಟಿಕ್ ಕವರ್ ಎತ್ತಿಟ್ಟು, ಬಿಸಿಯಾಗಿ ನಿಂತಲ್ಲೇ ಓಡುತ್ತಿರುವ ಎಂಜಿನ್ ತಲೆ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿದ್ದೇನೆ. ಮೊದಲ ಸಲ ಕೈ ನಡುಗಿ ಬಿತ್ತು. ಎರಡನೇ ಸಲ ನಿಂತಿತು. ಹತ್ತಿರ ಮುಖ ತಂದು ನೋಡಿದರೆ ಅಂಚು ಸಣ್ಣಗೆ ಮಿಡಿಯುತ್ತಿತ್ತು, ಅಷ್ಟೇ. (ಫ್ಯಾನ್, ಬೆಲ್ಟ್ ಇರುವ ಕಡೆ ಕೈ ಹಾಕಬೇಡಿ, ಗಾಡಿ ಮಾಲೀಕರನ್ನು ಕೇಳಿಯೇ ಮಾಡಿ.)

ಬಿಎಂಡಬ್ಲ್ಯುವಿನ ಬಿ58 ಎಂಜಿನ್ 2015ರಲ್ಲಿ 340ಐಯಲ್ಲಿ ಬಂತು. ಒಂದೇ ಟರ್ಬೊ, ಆದರೆ ಟ್ವಿನ್ ಸ್ಕ್ರೋಲ್. ಅಂದರೆ ಮುಂದಿನ ಮೂರು ಸಿಲಿಂಡರ್‌ನ ಎಕ್ಸಾಸ್ಟ್ ಒಂದು ದಾರಿಯಲ್ಲಿ, ಹಿಂದಿನ ಮೂರರದು ಇನ್ನೊಂದು ದಾರಿಯಲ್ಲಿ ಟರ್ಬೈನ್‌ಗೆ ಹೋಗುತ್ತದೆ. ಒಂದರ ಉಸಿರು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಟರ್ಬೊ ಬೇಗ ಏಳುತ್ತದೆ. ಎಂ340ಐ ಎಕ್ಸ್‌ಡ್ರೈವ್‌ನಲ್ಲಿ ಇದು 374 ಪಿಎಸ್, 500 ನ್ಯೂಟನ್ ಮೀಟರ್ ಕೊಡುತ್ತದೆ, ನೂರಕ್ಕೆ 4.4 ಸೆಕೆಂಡ್. ಟೊಯೊಟಾ ತನ್ನ ಸುಪ್ರಾಗೂ ಇದೇ ಎಂಜಿನ್ ತೆಗೆದುಕೊಂಡಿತು. ಎಂ3ರ ಎಸ್58 ಇದೇ ಮನೆತನದ್ದು, ಆದರೆ ಎರಡು ಟರ್ಬೊ, ಬೇರೆ ಬೋರ್, ಬೇರೆ ಸ್ಟ್ರೋಕ್. ಕಾಂಪಿಟಿಷನ್‌ನಲ್ಲಿ 510 ಪಿಎಸ್, 650 ನ್ಯೂಟನ್ ಮೀಟರ್.

ವಿ6 ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಉದ್ದ ಕಡಿಮೆ, ಹಾಗಾಗಿ ಬಾನೆಟ್ ಒಳಗೆ ಸುಲಭವಾಗಿ ಕೂರುತ್ತದೆ. ನುಣುಪಿನಲ್ಲಿ ಸಾಲು ಆರಕ್ಕೆ ಸಮ ಇಲ್ಲ. ಬಿ9 ತಲೆಮಾರಿನ ಔಡಿ ಎಸ್4ರ 3.0 ಲೀಟರ್ ಟರ್ಬೊ ವಿ6 354 ಪಿಎಸ್, 500 ನ್ಯೂಟನ್ ಮೀಟರ್, ತುಂಬ ಸಭ್ಯ ಎಂಜಿನ್. ಯುರೋಪಿನಲ್ಲಿ ಎಸ್4ಗೆ ಡೀಸೆಲ್ ವಿ6 ಕೂಡ ಕೊಟ್ಟರು, 347 ಪಿಎಸ್, 700 ನ್ಯೂಟನ್ ಮೀಟರ್. ದೂರದ ಪ್ರಯಾಣ ಜಾಸ್ತಿ ಮಾಡುವವರು ಅಂಥ ಡೀಸೆಲ್ ಸಿಕ್ಕರೆ ಬಿಡಬೇಡಿ. ವಿ6ಗಳಲ್ಲಿ ಮನಸ್ಸು ಕದಿಯುವುದು ಜೂಲಿಯಾ ಕ್ವಾಡ್ರಿಫೋಲಿಯೊದ 2.9 ಲೀಟರ್ ಟ್ವಿನ್ ಟರ್ಬೊ. ಬಂದಾಗ 510 ಪಿಎಸ್, 600 ನ್ಯೂಟನ್ ಮೀಟರ್. ಆ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ದಂಡ) ಕೂಡ ಕಾರ್ಬನ್ ಫೈಬರ್‌ನದು. ತೂಕ ಇಳಿಸಲು ಅಷ್ಟು ಒದ್ದಾಡಿದ್ದಾರೆ, ಅದು ಓಡಿಸುವಾಗ ಕೈಗೆ ಗೊತ್ತಾಗುತ್ತದೆ.

ವಿ8 ಪ್ರೀತಿಸುವವರಿಗೆ ಕಾರಣ ಹೇಳಬೇಕಾಗಿಲ್ಲ. ಆ ಗುಡುಗುಡು ದನಿ ಬರುವುದು ಕ್ರಾಂಕ್‌ನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್‌ನ, ಆಕಾರದಿಂದ. ಕ್ರಾಸ್ ಪ್ಲೇನ್ ಕ್ರಾಂಕ್‌ನಲ್ಲಿ ಒಂದೊಂದು ಬದಿಯ ನಾಲ್ಕು ಸಿಲಿಂಡರ್ ಸಮ ಅಂತರದಲ್ಲಿ ಹೊತ್ತಿಕೊಳ್ಳುವುದಿಲ್ಲ, ಎಕ್ಸಾಸ್ಟ್‌ನಲ್ಲಿ ಆ ಏರುಪೇರೇ ನಮಗೆ ಹಾಡಿನಂತೆ ಕೇಳುತ್ತದೆ. ಆದರೆ ವಿ8ಗಳಲ್ಲೂ ಮೂರು ಜಾತಿ ಇದೆ. ಲೆಕ್ಸಸ್ ಐಎಸ್ 500ರ 5.0 ಲೀಟರ್‌ಗೆ ಟರ್ಬೊ ಇಲ್ಲ, 472 ಎಚ್‌ಪಿ 7,100 ಆರ್‌ಪಿಎಂನಲ್ಲಿ. ಎಎಂಜಿ ಎಂ177ಗೆ ಎರಡು ಟರ್ಬೊ, ಅವು ಕೂತಿರುವುದು ವಿ ಆಕಾರದ ಮಧ್ಯದಲ್ಲೇ, ಎಕ್ಸಾಸ್ಟ್ ಗಾಳಿ ಸಾಗುವ ದಾರಿ ಚಿಕ್ಕದಾಗಲಿ ಅಂತ. ಕ್ಯಾಡಿಲಾಕ್ ಸಿಟಿ5-ವಿ ಬ್ಲ್ಯಾಕ್‌ವಿಂಗ್‌ನ 6.2 ಲೀಟರ್‌ಗೆ ಸೂಪರ್‌ಚಾರ್ಜರ್, 668 ಎಚ್‌ಪಿ, ಅದರ ಮೇಲೆ 6 ಸ್ಪೀಡ್ ಮ್ಯಾನುವಲ್ ಗೇರ್ ಕೂಡ ಸಿಗುತ್ತದೆ. ಸೂಪರ್‌ಚಾರ್ಜರ್ ಅನ್ನು ಕ್ರಾಂಕ್‌ನಿಂದ ಬೆಲ್ಟ್ ಮೂಲಕ ತಿರುಗಿಸುತ್ತಾರೆ, ಹಾಗಾಗಿ ಕಾಯುವ ಮಾತೇ ಇಲ್ಲ. ಬದಲಿಗೆ ಅದನ್ನು ತಿರುಗಿಸಲು ಎಂಜಿನ್ ತನ್ನದೇ ಶಕ್ತಿ ಕೊಡಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಹೈಬ್ರಿಡ್ ಮತ್ತು ತೂಕ

ಇಲ್ಲಿ ನಿಧಾನವಾಗಿ ಓದಿ, ಜನ ಮೋಸ ಹೋಗುವುದು ಈ ಜಾಗದಲ್ಲಿ.

ಸಿ63 ಎಸ್ ಇ ಪರ್ಫಾರ್ಮೆನ್ಸ್ 680 ಪಿಎಸ್, 1,020 ನ್ಯೂಟನ್ ಮೀಟರ್. ಎಂ3 ಕಾಂಪಿಟಿಷನ್ ಎಕ್ಸ್‌ಡ್ರೈವ್ ಬಂದಾಗ 510 ಪಿಎಸ್, 650 ನ್ಯೂಟನ್ ಮೀಟರ್. ಎರಡಕ್ಕೂ ನಾಲ್ಕು ಚಕ್ರದ ಡ್ರೈವ್. 170 ಪಿಎಸ್ ಜಾಸ್ತಿ ಇರುವ ಗಾಡಿ ನೂರಕ್ಕೆ ಎಷ್ಟು ಬೇಗ ಹೋಗಬೇಕು? ಕಂಪನಿಗಳೇ ಕೊಟ್ಟ ಲೆಕ್ಕ 3.4 ಸೆಕೆಂಡ್ ಮತ್ತು 3.5 ಸೆಕೆಂಡ್. ಸಿ63 2,100 ಕೆಜಿ ಆಸುಪಾಸು ತೂಗುತ್ತದೆ, ಎಂ3 ಅದಕ್ಕಿಂತ ಸುಮಾರು ಕಾಲು ಟನ್ ಹಗುರ. ಇನ್ನೂ ಒಳ್ಳೆಯ ಉದಾಹರಣೆ ಬಿಎಂಡಬ್ಲ್ಯು ಎಂ5. ಎಫ್90 ಎಂ5 2017ರಲ್ಲಿ ಬಂದಾಗ 600 ಪಿಎಸ್, 3.4 ಸೆಕೆಂಡ್. ಈಗಿನ ಜಿ90 ಎಂ5 ಪ್ಲಗ್ ಇನ್ ಹೈಬ್ರಿಡ್, 727 ಪಿಎಸ್, 1,000 ನ್ಯೂಟನ್ ಮೀಟರ್, ಆದರೂ 3.5 ಸೆಕೆಂಡ್. ತೂಕ 2,400 ಕೆಜಿ ದಾಟಿದೆ.

ಸಿ63ರ ಮೋಟರ್ 204 ಪಿಎಸ್ ಕೊಡುವುದು 10 ಸೆಕೆಂಡ್ ಮಾತ್ರ, ನಿರಂತರವಾಗಿ ಕೊಡುವುದು 95 ಪಿಎಸ್. ಬ್ಯಾಟರಿ 6.1 ಕಿಲೋವ್ಯಾಟ್ ಅವರ್, ಎಲೆಕ್ಟ್ರಿಕ್‌ನಲ್ಲೇ ಹೋದರೆ 13 ಕಿಮೀ. ಇದು ಇಂಧನ ಉಳಿಸಲು ಇಟ್ಟ ಬ್ಯಾಟರಿ ಅಲ್ಲ, ಬೇಗ ತುಂಬಿ ಬೇಗ ಖಾಲಿಯಾಗಲು ಇಟ್ಟದ್ದು. ತಾಂತ್ರಿಕವಾಗಿ ಅದ್ಭುತ ಕೆಲಸ. ಟರ್ಬೊದ ಶಾಫ್ಟ್ ಮೇಲೆಯೇ ಪುಟ್ಟ ಎಲೆಕ್ಟ್ರಿಕ್ ಮೋಟರ್ ಕೂರಿಸಿದ್ದಾರೆ, ಎಕ್ಸಾಸ್ಟ್ ಗಾಳಿ ಬರುವ ಮೊದಲೇ ಟರ್ಬೊ ತಿರುಗಿರುತ್ತದೆ. ಊರೊಳಗೆ ಕಾಲು ಒತ್ತಿದರೆ ಮೋಟರ್ ತಕ್ಷಣ ತಳ್ಳುತ್ತದೆ. ಆದರೆ ಆ ತೂಕ ಬ್ರೇಕ್ ಒತ್ತಿದಾಗಲೂ ಇರುತ್ತದೆ, ತಿರುವಿನಲ್ಲೂ ಇರುತ್ತದೆ, ಟೈರ್ ಸವೆಯುವಾಗಲೂ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತಿರುವಿನ ರಸ್ತೆ ಇಷ್ಟಪಡುವವರು 170 ಪಿಎಸ್ ಬಿಟ್ಟು ಆ ಕಾಲು ಟನ್ ಉಳಿಸಿಕೊಳ್ಳುವುದೇ ಮೇಲು.

ತೂಕ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಔಡಿಯ ಉದ್ದಕ್ಕೆ ಕೂರುವ ಎಂಜಿನ್‌ಗಳು ಬಹುತೇಕ ಮುಂದಿನ ಆಕ್ಸಲ್‌ಗಿಂತ ಮುಂದಕ್ಕೆ ಚಾಚಿರುತ್ತವೆ. ಬಿಎಂಡಬ್ಲ್ಯು, ಆಲ್ಫಾ ಎಂಜಿನ್‌ಗಳನ್ನು ಹಿಂದಕ್ಕೆ ತಳ್ಳಿ ಕೂರಿಸುತ್ತವೆ. ಬಾನೆಟ್ ತೆಗೆದು ಒಮ್ಮೆ ಪಕ್ಕದಿಂದ ನೋಡಿ, ಚಕ್ರದ ನಡುಗೆರೆ ಎಲ್ಲಿದೆ, ಎಂಜಿನ್ ಎಲ್ಲಿದೆ ಅಂತ. ಐದು ನಿಮಿಷದ ಕೆಲಸ, ತುಂಬ ಕಲಿಸುತ್ತದೆ.

ಇನ್ನು ಹಿಡಿತ. ಎಂ3 ಕಾಂಪಿಟಿಷನ್‌ಗೆ ಹಿಂದಿನ ಎರಡು ಚಕ್ರದ ಡ್ರೈವ್ ಇದ್ದರೆ 3.9 ಸೆಕೆಂಡ್, ನಾಲ್ಕು ಚಕ್ರಕ್ಕೂ ಇದ್ದರೆ 3.5. ಎಂಜಿನ್ ಅದೇ. ಅಂದರೆ ಸೊನ್ನೆಯಿಂದ ನೂರರ ಅಂಕಿ ಎಂಜಿನ್ ಬಗ್ಗೆ ಹೇಳುವುದಕ್ಕಿಂತ ಟೈರ್ ಬಗ್ಗೆಯೇ ಜಾಸ್ತಿ ಹೇಳುತ್ತದೆ. ನಿಮಗೆ ನಿಜಕ್ಕೂ ಬೇಕಾದದ್ದು 60ರಿಂದ 100, ಇಲ್ಲವೇ 80ರಿಂದ 120ರ ಲೆಕ್ಕ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು

ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಹೋಗಿ. ಎಂಜಿನ್ ಬಿಸಿ ಮಾಡಿ ಇಟ್ಟಿರಬೇಡಿ ಅಂತ ಮೊದಲೇ ಹೇಳಿಡಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡ್ ಕಿವಿಗೊಟ್ಟು ಕೇಳಿ. ಟೈಮಿಂಗ್ ಚೈನ್ ಸಡಿಲ ಇದ್ದರೆ ಕಟಕಟ ಶಬ್ದ ಆಗಲೇ ಬರುವುದು, ಆಯಿಲ್ ಒತ್ತಡ ಏರಿದ ಮೇಲೆ ಅಡಗಿಹೋಗುತ್ತದೆ.

ಆಮೇಲೆ ಮೇಲೆ ಹೇಳಿದ ಮೂರನೇ ಗೇರ್ ಪರೀಕ್ಷೆ ಮಾಡಿ. ಪ್ಯಾಡಲ್‌ನಿಂದ ಗೇರ್ ಹಿಡಿದಿಡಿ. ಆಕ್ಸಿಲರೇಟರ್ ಅನ್ನು ತಳದ ಕಿಕ್‌ಡೌನ್ ಸ್ವಿಚ್ ಮುಟ್ಟುವಷ್ಟು ಒತ್ತಿದರೆ ಕೆಲವು ಗಾಡಿಗಳು ಮ್ಯಾನುವಲ್ ಮೋಡ್‌ನಲ್ಲೂ ಗೇರ್ ಇಳಿಸಿಬಿಡುತ್ತವೆ, ಅದರ ಸ್ವಲ್ಪ ಮೊದಲೇ ನಿಲ್ಲಿಸಿ. ಅದೇ ಪರೀಕ್ಷೆಯನ್ನು ಡ್ರೈವ್ ಮೋಡ್‌ನಲ್ಲೂ ಮಾಡಿ. ಆಗ ಗೇರ್‌ಬಾಕ್ಸ್ ಎಷ್ಟು ಬೇಗ ನಿರ್ಧಾರ ಮಾಡುತ್ತದೆ ಗೊತ್ತಾಗುತ್ತದೆ. ಝಡ್‌ಎಫ್ ಕಂಪನಿಯ 8 ಸ್ಪೀಡ್ ಗೇರ್‌ಬಾಕ್ಸ್ ಬಿಎಂಡಬ್ಲ್ಯು, ಆಲ್ಫಾ, ಔಡಿ ಎಸ್4 ಎಲ್ಲದರಲ್ಲೂ ಇದೆ, ಆದರೆ ಪ್ರತಿ ಕಂಪನಿಯೂ ಸಾಫ್ಟ್‌ವೇರ್ ತನ್ನದೇ ರೀತಿಯಲ್ಲಿ ಬರೆಯುತ್ತದೆ. ಎಎಂಜಿ ತನ್ನ 9 ಸ್ಪೀಡ್‌ನಲ್ಲಿ ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಶಕ್ತಿ ದಾಟಿಸುವ ಭಾಗ) ತೆಗೆದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಹಾಕುತ್ತದೆ. ಟ್ರಾಫಿಕ್‌ನಲ್ಲಿ ತೆವಳುವಾಗ ಅದು ಚೂರು ಜಗ್ಗುತ್ತದೆಯಾ ನೋಡಿ.

ಒಂದೇ ಸಲ ಜೋರಾಗಿ ಓಡಿಸಿ ಇಳಿಯಬೇಡಿ. ರಸ್ತೆ ಸಿಕ್ಕರೆ ನಾಲ್ಕೈದು ಸಲ ಅದೇ ಎಳೆತ ಪುನಃ ಮಾಡಿ. ಟರ್ಬೊ ಎಂಜಿನ್‌ಗೆ ಬಿಸಿ ಗಾಳಿಯೇ ಶತ್ರು. ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಕಾದ ಮೇಲೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಪವರ್ ಇಳಿಯುತ್ತದೆ. ಐದನೇ ಸಲವೂ ಮೊದಲ ಸಲದಂತೆಯೇ ಎಳೆದರೆ ಕೂಲಿಂಗ್ ಚೆನ್ನಾಗಿದೆ ಅಂತ ಅರ್ಥ. ಟ್ರ್ಯಾಕ್‌ಗೆ ಹೋಗುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಅಂಥವರಿಗೆ ಬಿ58ಗಿಂತ ಎಸ್58 ಬೇಕಾಗುವುದು ಪವರ್‌ಗಿಂತ ಮೊದಲು ರೇಡಿಯೇಟರ್, ಆಯಿಲ್ ಕೂಲರ್, ಬ್ರೇಕ್‌ಗೋಸ್ಕರ.

ಶಬ್ದದ ವಿಷಯಕ್ಕೂ ಬನ್ನಿ. ಎಫ್10 ಎಂ5 ಕಾಲದಿಂದ ಎಂಜಿನ್ ದನಿಯನ್ನು ಸ್ಪೀಕರ್‌ನಿಂದ ಸೇರಿಸುವ ಪದ್ಧತಿ ಇದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಲು ಆಗುವುದಾದರೆ ಆಫ್ ಮಾಡಿ. ಆಗದಿದ್ದರೆ ಬೇರೆಯವರಿಗೆ ಓಡಿಸಲು ಕೊಟ್ಟು, ಹೊರಗೆ ನಿಂತು ಕೇಳಿ. ಆ ದನಿ ನಿಮ್ಮನ್ನು ಮುಟ್ಟದಿದ್ದರೆ ಎರಡು ವರ್ಷದ ಮೇಲೂ ಮುಟ್ಟುವುದಿಲ್ಲ.

ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದುವುದು ಮರೆಯಬೇಡಿ. ಎಷ್ಟು ಆರ್‌ಒಎನ್, ಅಂದರೆ ಎಷ್ಟು ಆಕ್ಟೇನ್‌ನ ಪೆಟ್ರೋಲ್ ಬೇಕು ಅಂತ ಅಲ್ಲಿರುತ್ತದೆ. 98ಕ್ಕೆ ಟ್ಯೂನ್ ಆದ ಎಂಜಿನ್‌ಗೆ 95 ಹಾಕಿದರೆ ಹಾಳಾಗುವುದಿಲ್ಲ, ಕಂಪನಿ ಅನುಮತಿ ಕೊಟ್ಟಿದ್ದರೆ. ಆದರೆ ಪೆಟ್ರೋಲ್ ಹೊತ್ತು ತಪ್ಪಿ ಹೊತ್ತಿಕೊಳ್ಳುವುದನ್ನು ಪತ್ತೆ ಹಚ್ಚುವ ನಾಕ್ ಸೆನ್ಸರ್‌ನಿಂದಾಗಿ ಎಂಜಿನ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ನೀವು ದುಡ್ಡು ಕೊಟ್ಟ ಪವರ್ ಪೂರ್ತಿ ಸಿಗುವುದಿಲ್ಲ. ನಿಮಗೆ ಸಿಗುವ ಪೆಟ್ರೋಲ್ ಯಾವುದು ಅಂತ ನೋಡಿಯೇ ಎಂಜಿನ್ ಆರಿಸಿ.

ಸೆಕೆಂಡ್ ಹ್ಯಾಂಡ್ ಆದರೆ

ಹಳೆಯ ಟರ್ಬೊ ಇಲ್ಲದ ಎಂಜಿನ್‌ಗಳ ಮೇಲೆ ಆಸೆ ಇದ್ದರೆ ಈ ದಾರಿ ಒಂದೇ. ಆಸೆ ಪಡಿ, ಆದರೆ ಕಣ್ಣು ತೆರೆದಿರಲಿ. ಇ90 ಎಂ3ರ ಎಸ್65 ವಿ8ನಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆತ ಎಲ್ಲರಿಗೂ ಗೊತ್ತಿರುವ ವಿಷಯ. ಬದಲಾಯಿಸಿದ ದಾಖಲೆ ಇದೆಯಾ ಕೇಳಿ. ಇಲ್ಲದಿದ್ದರೆ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಹಿಡಿದೇ ಮಾತಾಡಿ. ಔಡಿ ಬಿ6, ಬಿ7 ಎಸ್4ರ 4.2 ವಿ8ನಲ್ಲಿ ಟೈಮಿಂಗ್ ಚೈನ್ ಎಂಜಿನ್‌ನ ಹಿಂಬದಿಯಲ್ಲಿದೆ, ಗೇರ್‌ಬಾಕ್ಸ್ ಕಡೆ. ಗೈಡ್ ಸವೆದರೆ ಎಂಜಿನ್ ಕೆಳಗಿಳಿಸಬೇಕು. ಕಟಕಟ ಶಬ್ದ ಕೇಳಿದರೆ ಎದ್ದು ಬನ್ನಿ.

ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇರುವ ಎಂಜಿನ್‌ಗಳಲ್ಲಿ ಪೆಟ್ರೋಲ್ ಸೀದಾ ಸಿಲಿಂಡರ್‌ಗೆ ಬೀಳುತ್ತದೆ, ಇನ್‌ಟೇಕ್ ವಾಲ್ವ್ ಮೇಲೆ ಹರಿದು ತೊಳೆಯುವುದಿಲ್ಲ. ಮಸಿ ಕಟ್ಟುತ್ತದೆ. ಬಿ7 ಆರ್‌ಎಸ್4 ಇದಕ್ಕೆ ಹೆಸರಾದ ಗಾಡಿ, 8,000ದ ಹತ್ತಿರ ತಿರುಗುವ ಸೊಗಸಾದ ವಿ8, ಆದರೆ ಮಸಿ ಕಟ್ಟಿದರೆ ಉಸಿರು ಕಟ್ಟಿದ ಹಾಗೆ ಓಡುತ್ತದೆ. ವಾಲ್ವ್ ಯಾವಾಗ ತೊಳೆದದ್ದು ಅಂತ ಕೇಳಿ. ಲೆಕ್ಸಸ್‌ನ 5.0 ವಿ8ಗೆ ಪೋರ್ಟ್ ಇಂಜೆಕ್ಷನ್ನೂ ಡೈರೆಕ್ಟ್ ಇಂಜೆಕ್ಷನ್ನೂ ಎರಡೂ ಇವೆ, ಹಾಗಾಗಿ ಈ ತಲೆನೋವು ತುಂಬ ಕಡಿಮೆ. ನೆಮ್ಮದಿಯಾಗಿ ಹತ್ತು ವರ್ಷ ಇಟ್ಟುಕೊಳ್ಳಬೇಕು, ವಿ8ನೇ ಬೇಕು ಅನ್ನುವವರಿಗೆ ನಾನು ತೋರಿಸುವುದು ಆ ಗಾಡಿಯನ್ನೇ.

ನಾನಾದರೆ ಯಾವುದನ್ನು ಆರಿಸುತ್ತಿದ್ದೆ

ಒಂದೇ ಗಾಡಿ, ದಿನದ ಓಡಾಟಕ್ಕೂ ಅದೇ, ರಜೆಯ ದಿನದ ಖುಷಿಗೂ ಅದೇ ಅಂತಾದರೆ ನಡುವಿನ ಎಂಜಿನ್. ಎಂ340ಐಯ ಸಾಲು ಆರು ನನ್ನ ಮೊದಲ ಆಯ್ಕೆ, ಮಳೆ, ಹಿಮ ಜಾಸ್ತಿ ಇರುವ ಕಡೆ ಎಸ್4. ಎಂ3 ಹತ್ತಿರದಲ್ಲೇ ಇದೆ ಅಂತ ಆಸೆಯಾಗುತ್ತದೆ, ಆದರೆ ಅದರ ಮೇಲಿನ 136 ಪಿಎಸ್ ಕೆಲಸಕ್ಕೆ ಬರುವ ಜಾಗಕ್ಕೆ ನೀವು ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ಎಣಿಸಿ ನೋಡಿ. ತಿಂಗಳಿಗೊಮ್ಮೆ ಟ್ರ್ಯಾಕ್‌ಗೆ ಹೋಗುತ್ತೀರಾ? ಹಾಗಾದರೆ ಎಂ3, ಯೋಚನೆಯೇ ಬೇಡ. ಹೃದಯದ ಮಾತು ಕೇಳುವವರಿಗೆ ಕ್ವಾಡ್ರಿಫೋಲಿಯೊ. ಮ್ಯಾನುವಲ್ ಗೇರ್ ಬಿಡಲಾಗದವರು ಬೇಸ್ ಎಂ3 ನೋಡಬಹುದು, ಇಲ್ಲವೇ ಕ್ಯಾಡಿಲಾಕ್‌ನ ಸಿಟಿ4-ವಿ, ಸಿಟಿ5-ವಿ ಬ್ಲ್ಯಾಕ್‌ವಿಂಗ್ ಎರಡರಲ್ಲಿ ಒಂದು. ಊರೊಳಗಿನ ಓಡಾಟವೇ ಮುಕ್ಕಾಲು ಪಾಲು ಅಂತಾದರೆ 2.0 ಲೀಟರ್ ತೆಗೆದುಕೊಂಡು ಉಳಿದ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.

ಗಾಡಿ ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಹೊಸ ಎಂ3ಗೆ ಮೊದಲ 2,000 ಕಿಮೀವರೆಗೆ 5,500 ಆರ್‌ಪಿಎಂ ದಾಟಿಸಬಾರದು, ಆಮೇಲೆ ಆಯಿಲ್ ಬದಲಾಯಿಸಬೇಕು, ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋಗಬೇಕು. ಬೇರೆ ಗಾಡಿಯಾದರೆ ಕೈಪಿಡಿಯಲ್ಲಿ ಅದರದೇ ಲೆಕ್ಕ ಇರುತ್ತದೆ, ಓದಿ ಪಾಲಿಸಿ. ಇನ್ನು ಪ್ರತಿ ದಿನದ ತಣ್ಣನೆ ಸ್ಟಾರ್ಟ್. ಇ90 ಎಂ3ರ ಆರ್‌ಪಿಎಂ ಮೀಟರ್ ಸುತ್ತ ಕಿತ್ತಳೆ ಬಣ್ಣದ ಪುಟ್ಟ ದೀಪಗಳಿವೆ. ಎಂಜಿನ್ ತಣ್ಣಗಿದ್ದಾಗ ಅವು ಕೆಳಗಿನಿಂದಲೇ ಹೊತ್ತಿರುತ್ತವೆ, ಆಯಿಲ್ ಬಿಸಿಯಾದ ಹಾಗೆ ಒಂದೊಂದಾಗಿ ಆರುತ್ತಾ ಮೇಲಕ್ಕೆ ಸರಿಯುತ್ತವೆ. ಎಷ್ಟು ಆರಿದೆಯೋ ಅಷ್ಟರವರೆಗೆ ಮಾತ್ರ ಎಂಜಿನ್ ತಿರುಗಿಸಬಹುದು ಅಂತ ಲೆಕ್ಕ. ನಿಮ್ಮ ಗಾಡಿಯಲ್ಲಿ ಆ ದೀಪ ಇಲ್ಲದಿದ್ದರೆ ಆಯಿಲ್ ಟೆಂಪರೇಚರ್ ತೋರಿಸುವ ಪುಟ ತೆರೆದಿಡಿ. ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. ಅದು 80 ಡಿಗ್ರಿ ದಾಟುವವರೆಗೆ ಬಲಗಾಲು ಹಗುರವಾಗಿರಲಿ.